ಏಳನೇ ಕಾಲಮ್ಮಿನ ಸೊನ್ನೆಗಳು

ಫೆಬ್ರವರಿ ೩, ಸೋಮವಾರ

ನಮ್ಮ ಸಂಶೋಧನಾ ಕೇಂದ್ರದ ಇತಿಹಾಸದಲ್ಲಿ ಇಂದು ಸುವರ್ಣಾಕ್ಷರಗಳಲ್ಲಿ ಬರೆದಿಡಬೇಕಾದ ದಿನ. ಸುವರ್ಣಾಕ್ಷರಕ್ಕೆ ಅನುದಾನವಿಲ್ಲದ್ದರಿಂದ ಬಾಲ್‌ಪೆನ್ನಿನಲ್ಲಿ ಬರೆಯುತ್ತಿದ್ದೇನೆ. 'ಚಂಡಮಾರುತದ ನಂತರದ ಚೇತರಿಕೆ: ಹನ್ನೆರಡು ಕರಾವಳಿ ಹಳ್ಳಿಗಳ ಅಧ್ಯಯನ' ಹವಾಮಾನ ನಿಧಿಯವರ ಕೈ ಸೇರಿತು. ನೂರ ನಲವತ್ತೆರಡು ಪುಟ. ರಕ್ಷಾಪುಟದ ಮೇಲೆ ಮೂರು ಹೆಸರು. ಮೊದಲನೆಯದು ನಮ್ಮ ನಿರ್ದೇಶಕರಾದ ಡಾ. ಆಲ್ಡ್ರಿಕ್ ಬೆಲ್ಲೊ ಅವರದು. ಅವರು ಮುನ್ನುಡಿಯ ಎರಡು ಅಲ್ಪವಿರಾಮಗಳನ್ನು ಸ್ವಹಸ್ತದಿಂದ ತೆಗೆದುಹಾಕಿದ್ದಾರೆ. ಎರಡನೆಯದು ಹೊರದೇಶದ ಒಬ್ಬ ಪ್ರೊಫೆಸರರದು. ಅವರು ನಮ್ಮ ದ್ವೀಪವನ್ನು ವಿಮಾನದ ಕಿಟಕಿಯಿಂದ ನೋಡಿದ್ದಾರೆ, ಅದೂ ಮೋಡ ಮುಸುಕಿದ ದಿನ. ಮೂರನೆಯದು ವರ್ನಾ ಲೆತಾಂಗ್, ಅಂದರೆ ನಾನು, ಅಂದರೆ ಬರೆದವಳು.

ಮೂರನೆಯವಳು! ಹನ್ನೆರಡು ಹಳ್ಳಿ ಸುತ್ತಿ, ಎಂಟು ನೂರು ಮನೆಗಳ ಬಾಗಿಲು ತಟ್ಟಿ, ಎರಡು ಜೊತೆ ಚಪ್ಪಲಿ ಸವೆಸಿದ್ದು ಯಾರು? ಚಪ್ಪಲಿಯ ಖರ್ಚನ್ನೂ ಕೇಂದ್ರ ಕೊಟ್ಟಿಲ್ಲ.

ಆದರೂ ಒಂದು ಸಮಾಧಾನ. ನಾನೇ ಕಂಡುಹಿಡಿದ 'ಚೇತರಿಕೆ ಸೂಚ್ಯಂಕ' ನಿಧಿಯವರಿಗೆ ಬಹಳ ಹಿಡಿಸಿದೆಯಂತೆ. ಆನ್ಸ್ ಬೆರ್ತೆ ಎಂಬ ಮೀನುಗಾರರ ಊರಿಗೆ ನೂರಕ್ಕೆ ತೊಂಬತ್ತನಾಲ್ಕು ಅಂಕ ಬಂದಿದೆ. ಹಾರಿಹೋದ ಅರವತ್ತೊಂದು ಚಾವಣಿಗಳನ್ನೂ ಒಂಬತ್ತೇ ವಾರದಲ್ಲಿ ಹೊದಿಸಿಕೊಂಡವು ಆ ಮಾದರಿ ಕುಟುಂಬಗಳು. ಎಂಥ ಅಚ್ಚುಕಟ್ಟಾದ ದತ್ತಾಂಶ! ಮನೆ ಸಂಖ್ಯೆ ೧೪ರ ಮುದುಕಿಯೊಬ್ಬಳು ಮಾತ್ರ ಪ್ರಶ್ನೆಗೆ ಉತ್ತರ ಹೇಳುವ ಬದಲು 'ಊಟ ಆಯ್ತಾ' ಎಂದು ನಾಲ್ಕು ಸಲ ಕೇಳಿ ನನ್ನ ಸಮಯ ಹಾಳುಮಾಡಿದ್ದಳು.

ಫೆಬ್ರವರಿ ೧೧, ಮಂಗಳವಾರ

ನಿಧಿಯವರ ಪಟ್ಟಿ ಬಂತು. ಪೆಟ್ಟು ತಿಂದ ಊರುಗಳಿಗೆ ಸೌರ ವಿದ್ಯುತ್ ಕೇಂದ್ರ ಕಟ್ಟಿಸಿಕೊಡಲೆಂದು, ಹವೆ ಕೆಡಿಸಿದ ದೊಡ್ಡ ದೇಶಗಳು ಸೇರಿ ಕಟ್ಟಿಟ್ಟ ಗಂಟು ಈ ನಿಧಿ. ಹೆಚ್ಚು ನಷ್ಟವಾದ ಊರು ಮೊದಲು ಎಂಬುದು ನಿಯಮ. ಒಂಬತ್ತು ಊರುಗಳಿವೆ. ಆನ್ಸ್ ಬೆರ್ತೆ ಇಲ್ಲ.

ಕಾರಣವನ್ನೂ ಕೊಟ್ಟಿದ್ದಾರೆ: 'ಸಂಶೋಧನಾ ಕೇಂದ್ರದ ಅಧ್ಯಯನದ ಪ್ರಕಾರ ಈ ಊರಿನ ನಷ್ಟ ಗಣನೆಗೆ ಬಾರದಷ್ಟು ಕಡಿಮೆ. ಸ್ವಂತ ಬಲದಿಂದ ಚೇತರಿಸಿಕೊಳ್ಳುವ ಶಕ್ತಿ ಅಪಾರ. ಆದ್ದರಿಂದ ನೆರವಿನ ಅಗತ್ಯ ಕಾಣುವುದಿಲ್ಲ.'

ಇವರಿಗೆ ಓದಲು ಬರುತ್ತದೆಯೇ? ಗಾಳಿ ಬೀಸಿ ಎರಡು ವರ್ಷವಾದರೂ ಆ ಊರಿಗೆ ವಿದ್ಯುತ್ ತಂತಿ ಮರಳಿಲ್ಲ. ಡೀಸೆಲ್ ಯಂತ್ರವೊಂದು ದಿನಕ್ಕೆ ಮೂರು ಗಂಟೆ ಕೆಮ್ಮುತ್ತದೆ, ಅಷ್ಟೆ. ಇದೆಲ್ಲ ನೂರ ಹದಿನೇಳನೇ ಪುಟದ ಅಡಿಟಿಪ್ಪಣಿಯಲ್ಲಿ ಸ್ಪಷ್ಟವಾಗಿದೆ! ನನ್ನ ಸೂಚ್ಯಂಕವನ್ನು ತಪ್ಪಾಗಿ ಅರ್ಥಮಾಡಿಕೊಂಡವರ ಮೇಲೆ ಒಂದು ಖಾರವಾದ ಲೇಖನ ಬರೆಯಬೇಕು. ಅದರಲ್ಲಿ ನನ್ನ ಹೆಸರೊಂದೇ ಇರಬೇಕು.

ಫೆಬ್ರವರಿ ೧೩, ಗುರುವಾರ

ಬೆಳಿಗ್ಗೆ ಹತ್ತಕ್ಕೆ ಫೋನು. ಎತ್ತಿದವಳು ನಾನು, ಅದೇ ತಪ್ಪು.

"ಯಾರಮ್ಮ ಅದು, ನಮ್ಗೆ ಏನೂ ಲುಕ್ಸಾನಾಗಿಲ್ಲ ಅಂತ ಬರ್ದಿರೋ ಮಹಾತಾಯಿ?"

"ತಾವು ಯಾರು?"

"ಆನ್ಸ್ ಬೆರ್ತೆಯಿಂದ ಯೂಡೋಕ್ಸಿ. ನನ್ನ ಚಾವಣಿ ಹಾರಿ ಇಗರ್ಜಿ ಗಂಟೆ ಮೇಲೆ ಕೂತಿತ್ತು. ಅದು ಲುಕ್ಸಾನಲ್ದೆ ಮತ್ತೇನು, ಅಲಂಕಾರನಾ?"

ಮನೆ ಸಂಖ್ಯೆ ೧೪! ಸೂಚ್ಯಂಕವು ಸಾಪೇಕ್ಷ ಪರಿಕಲ್ಪನೆ ಎಂದು ವಿವರಿಸತೊಡಗಿದೆ.

"ಸಾಪೇಕ್ಷನೋ ಗೀಪೇಕ್ಷನೋ. ಇಲ್ಲಿ ನರ್ಸಮ್ಮ ಸಕ್ಕರೆ ಕಾಯ್ಲೆ ಇಂಜೆಕ್ಷನ್ನ ಮೀನಿನ ಐಸಲ್ಲಿ ಹೂತಿಟ್ಟವ್ಳೆ. ಐಸು ಬಸ್ಸಲ್ಲಿ ಬರ್ಬೇಕು. ಬಸ್ಸು ತಪ್ಪಿದ ದಿನ ನಾವೂ ತಪ್ಪಿದ್ವಿ, ಮೀನೂ ತಪ್ಪಿತು. ನೀನು ಬಂದಾಗ ನೀರು ಕೊಟ್ಟಿರ್ಲಿಲ್ವಾ ನಾನು?"

"ಕೊಟ್ಟಿದ್ದಿರಿ."

"ಅದನ್ನೂ ಬರ್ದಿಲ್ಲ ತಾನೆ?"

ಫೋನಿಟ್ಟಳು. ಸಂಶೋಧಕರನ್ನು ಹೀಗೆ ನಡೆಸಿಕೊಳ್ಳುವುದೇ!

ಫೆಬ್ರವರಿ ೨೦, ಗುರುವಾರ

ಆ ಮುದುಕಿಯ ಬಾಯಿ ಮುಚ್ಚಿಸುವ ಸದುದ್ದೇಶದಿಂದ ಆನ್ಸ್ ಬೆರ್ತೆಯ ಮೂಲ ಫಾರಮ್ಮುಗಳನ್ನು ಕಪಾಟಿನಿಂದ ತೆಗೆದೆ. ಆರನೇ ಕಾಲಂ: ಚಾವಣಿಯ ತಗಡಿನ ಖರ್ಚು. ತಗಡನ್ನು ಸರ್ಕಾರ ಕೊಟ್ಟಿತ್ತು, ಆದ್ದರಿಂದ ಸೊನ್ನೆ. ಏಳನೇ ಕಾಲಂ: ಕೆಲಸಗಾರರ ಕೂಲಿ. ಸೊನ್ನೆ. ಮುಂದಿನ ಮನೆ, ಸೊನ್ನೆ. ಅದರ ಮುಂದಿನದು, ಸೊನ್ನೆ. ಅರವತ್ತೊಂದು ಮನೆ, ಅರವತ್ತೊಂದು ಸೊನ್ನೆ, ಎಲ್ಲವೂ ನನ್ನದೇ ಅಕ್ಷರದಲ್ಲಿ, ಕೋಳಿ ಮೊಟ್ಟೆ ಜೋಡಿಸಿದ ಹಾಗೆ ದುಂಡಗೆ.

ನೆನಪಿದೆ. 'ಕೂಲಿ ಎಷ್ಟು ಕೊಟ್ರಿ' ಎಂದು ನಾನು ಕೇಳಿದ್ದೆ. 'ಕೂಲಿಯಾ? ಒಂದು ಸೆಂಟೂ ಇಲ್ಲ!' ಎಂದು ಅವರು ಎದೆ ಸೆಟೆಸಿ ಹೇಳಿದ್ದರು. ಊರಿಗೆ ಊರೇ ಮುಯ್ಯಾಳು ಸೇರಿ ಇಂದು ಇವರ ಚಾವಣಿ, ನಾಳೆ ಅವರ ಚಾವಣಿ ಎಂದು ಹೊದಿಸಿತ್ತು. ಅವರು ಹೆಮ್ಮೆಯಿಂದ ಹೇಳಿದ್ದನ್ನು ನಾನು ಸೊನ್ನೆ ಎಂದು ಬರೆದುಕೊಂಡೆ. ನಾನೂ ಇದೇ ದ್ವೀಪದವಳು. ನನ್ನ ಅಪ್ಪನ ಮನೆಯ ತೊಲೆ ಎತ್ತಿದ್ದೂ ಮುಯ್ಯಾಳುಗಳೇ. ಆದರೆ ಫಾರಮ್ಮಿನಲ್ಲಿ ಮುಯ್ಯಾಳಿಗೆ ಕಾಲಂ ಇರಲಿಲ್ಲ.

ಫಾರಂ ತಯಾರಿಸಿದ ಮೂಢರು ಯಾರು ಎಂದು ಸಿಟ್ಟಿನಿಂದ ಹಿಂದಿನ ಪುಟ ತಿರುವಿದೆ. ಅಲ್ಲೂ ನನ್ನ ಸಹಿ. ಈ ವಿಷಯ ಇಲ್ಲಿಗೆ ಸಾಕು.

ಫೆಬ್ರವರಿ ೨೧, ಶುಕ್ರವಾರ

ನಿರ್ದೇಶಕರ ಕೋಣೆಗೆ ಹೋಗಿ ವಿಷಯ ಹೇಳಿದೆ. ಅವರು ಏಪ್ರಿಲ್ ಸಮ್ಮೇಳನದ ಭಾಷಣವನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದರು.

"ನೋಡಿ ವರ್ನಾ, ತಪ್ಪು ಅನ್ನಬೇಡಿ. ಮಿತಿ ಅನ್ನಿ. ಪ್ರತಿ ಅಧ್ಯಯನಕ್ಕೂ ಮಿತಿ ಇರುತ್ತೆ."

"ಸರ್, ಊರು ಪಟ್ಟಿಯಿಂದ ಬಿದ್ದುಹೋಗಿದೆ."

"ಮುಂದಿನ ಸುತ್ತಿನಲ್ಲಿ ಸೇರಿಸೋಣ. ನಾಲ್ಕು ವರ್ಷ ಅಷ್ಟೇ ತಾನೆ?"

"ಅಲ್ಲೀವರೆಗೆ ಇಂಜೆಕ್ಷನ್ನು ಮೀನಿನ ಐಸಲ್ಲೇ ಇರಬೇಕಾ?"

"ಭಾವುಕರಾಗಬೇಡಿ. ಆ ಊರೇ ನಮ್ಮ ಅಧ್ಯಯನದ ನಕ್ಷತ್ರ. ಅದನ್ನ ತೆಗೆದರೆ ನಾನು ವೇದಿಕೆ ಮೇಲೆ ಏನು ಮಾತಾಡಲಿ, ಹವಾಮಾನನಾ?"

ಹವಾಮಾನದ ಸಮ್ಮೇಳನವೇ ಅದು! ಅವರಿಗೆ ತಮ್ಮ ಮಾತಿನ ಸೊಗಸು ತಿಳಿಯಲಿಲ್ಲ.

ಮಾರ್ಚ್ ೬, ಗುರುವಾರ

ಕಾರ್ನಿವಲ್ ಮುಗಿಯಿತು, ಬೂದಿ ಬುಧವಾರವೂ ಮುಗಿಯಿತು. ಪಶ್ಚಾತ್ತಾಪಕ್ಕೆ ಪ್ರಶಸ್ತ ಕಾಲವೆಂದು ಆನ್ಸ್ ಬೆರ್ತೆಯ ಬಸ್ಸು ಹತ್ತಿದೆ. ಹೊಸ ಫಾರಂ ಮಾಡಿಕೊಂಡಿದ್ದೆ. ಯಾರ ಚಾವಣಿಗೆ ಯಾರು ಎಷ್ಟು ದಿನ ದುಡಿದರು, ಹೆಸರು, ದಿನ, ಸಹಿ. ಅದಿದ್ದರೆ ದಿನಗೂಲಿಯ ದರ ಹಾಕಿ ನಷ್ಟದ ನಿಜವಾದ ಮೊತ್ತ ತೋರಿಸಬಹುದು.

ಮೊದಲು ಸಿಕ್ಕವರು ಇಪೊಲೀತ್ ತಾತ. ದಂಡೆಯ ಮೇಲೆ ಬಲೆ ಹೊಲಿಯುತ್ತ ಕೂತಿದ್ದರು. ಎಂಬತ್ತೊಂದು ವರ್ಷ. ಚಾವಣಿಗಳ ಕೆಲಸಕ್ಕೆಲ್ಲ ಅವರೇ ಮೇಸ್ತ್ರಿ.

"ನಿಮ್ಮ ಚಾವಣಿಗೆ ಯಾರ್ಯಾರು ಬಂದಿದ್ರು ತಾತ?"

"ಎಲ್ಲಾರೂವೆ."

"ಹೆಸರು?"

"ಯಾಕೆ, ಜೈಲಿಗೆ ಹಾಕ್ತೀಯಾ?"

"ಯಾರು ಎಷ್ಟು ದಿನ ಅಂತ ಗೊತ್ತಾದ್ರೆ..."

ತಾತ ಸೂಜಿ ಕೆಳಗಿಟ್ಟರು. "ನೋಡು ಮಗಳೇ. ಫಿಟ್ಜ್‌ರಾಯ್ ನನ್ನ ಮನೆಗೆ ಆರು ದಿನ ಬಂದ. ನಾನು ಅವನ ಮನೆಗೆ ಎರಡೇ ದಿನ ಹೋದೆ, ಸೊಂಟ ಹಿಡ್ಕೊಂಡಿತ್ತು. ಇದನ್ನ ನೀನು ಕಾಗದದ ಮೇಲೆ ಬರೆದ್ರೆ ನಾನು ಅವನಿಗೆ ನಾಲ್ಕು ದಿನದ ಸಾಲಗಾರ. ಬರೀದೆ ಇದ್ರೆ ನೆರೆಯವನು. ಯಾವ್ದು ಚೆನ್ನ?"

ಫಿಟ್ಜ್‌ರಾಯ್ ಪಕ್ಕದಲ್ಲೇ ಮೀನು ತೊಳೆಯುತ್ತಿದ್ದ. "ಆರಲ್ಲ, ಏಳು" ಎಂದ. ಕೂಡಲೇ ನಾಲಿಗೆ ಕಚ್ಚಿಕೊಂಡು, "ಥೂ, ನೋಡಿದ್ಯಾ, ನೀನು ಬಂದ್ಮೇಲೆ ನನ್ನ ಬಾಯೂ ಕೆಟ್ಟೋಯ್ತು" ಎಂದು ನನ್ನನ್ನೇ ಬೈದ.

ಇಪ್ಪತ್ತೆರಡು ಮನೆ ಸುತ್ತಿದೆ. ಒಂದೂ ಸಹಿ ಇಲ್ಲ. ಎಲ್ಲರೂ ಊಟ ಹಾಕಿದರು. ನಾನು ಇವರಿಗಾಗಿ ಬಡಿದಾಡುತ್ತಿದ್ದೇನೆ, ಇವರು ನನಗೆ ಸುಟ್ಟ ದಿವಿಹಲಸು ಬಡಿಸುತ್ತಾರೆ! ನಿಧಿಯ ಮೇಲೆ ಸಿಟ್ಟು ಬರಬೇಕೋ ಇವರ ಮೇಲೋ ತಿಳಿಯದೆ, ಬಸ್ಸಿನ ಡ್ರೈವರನ ಮೇಲೆ ಹಾಯ್ದೆ.

ಮಾರ್ಚ್ ೧೭, ಸೋಮವಾರ

ಶುಕ್ರವಾರ ಮತ್ತೆ ಹೋದೆ. ರಜೆ ಹಾಕಿ, ಸ್ವಂತ ಖರ್ಚಿನಲ್ಲಿ. ಮಾ ಯೂಡೋಕ್ಸಿಯ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಸೋಲೊಪ್ಪಿಕೊಂಡೆ.

"ಅವರ್ಯಾರೂ ದಿನ ಹೇಳಲ್ಲ ಮಾ."

"ಹೇಳ್ಬಾರ್ದು ಕಣೇ. ಮುಯ್ಯಾಳನ್ನ ಎಣಿಸೋದು ಅಂದ್ರೆ ಮುಖಕ್ಕೆ ಹೊಡ್ದಂಗೆ."

"ಹಾಗಾದ್ರೆ ನಿಮ್ಮ ಚಾವಣಿಗೆ ಎಷ್ಟು ಕೆಲಸ ಆಯ್ತು ಅಂತ ಯಾರಿಗೂ ಗೊತ್ತಿಲ್ವಾ?"

"ನನಗೆಂಗೆ ಗೊತ್ತು? ನಾನು ಅನ್ನಕ್ಕಿಡ್ತಿದ್ದೆ. ಮೊದಲ್ನೇ ದಿನ ಒಂಬತ್ತು ತಟ್ಟೆ. ಎರಡನೇ ದಿನ ಹನ್ನೊಂದು, ಅವತ್ತು ಒಣಮೀನು ಸಾಲದೆ ಸೊಪ್ಪಿನ ಸಾರಿಗೆ ನೀರು ಹುಯ್ದೆ. ಮೂರನೇ ದಿನ ಎಂಟು, ಮಳೆ. ನಾಲ್ಕನೇ ದಿನ ಹತ್ತು. ಅವತ್ತು ಕೆಸುವಿನ ಗೆಡ್ಡೆ ಕೊಟ್ಟಿದ್ದು ಲೂಸಿಯೆನ್ ಹೆಂಡ್ತಿ."

ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಮುಯ್ಯಾಳು ಕರೆದ ಮನೆಯವರು ಮಧ್ಯಾಹ್ನದ ಊಟ ಹಾಕಲೇಬೇಕು. ದುಡಿದವನಿಗೆ ಒಂದು ತಟ್ಟೆ. ತಟ್ಟೆ ಎಣಿಸಿದರೆ ಆಯಿತು! ಯಾರದೆಂದು ಹೆಸರು ಬೇಡ, ಯಾರೂ ಯಾರಿಗೂ ಸಾಲಗಾರರಾಗಬೇಕಿಲ್ಲ. ಒಂದು ತಟ್ಟೆ ಎಂದರೆ ಒಬ್ಬ ಆಳಿನ ಒಂದು ದಿನ.

"ಬೇರೆ ಮನೆಯವರಿಗೂ ನೆನಪಿರುತ್ತಾ ಮಾ?"

"ಯಾವ ಹೆಂಗ್ಸಿಗೆ ಮರ್ಯುತ್ತೆ? ಸೊಲಾಂಜ್ ಮನೇಲಿ ಒಂದಿನ ತಟ್ಟೆ ಕಮ್ಮಿ ಬಿದ್ದು ಅವಳು ಬಾಳೆ ಎಲೆ ಹಾಕಿದ್ಲು. ಅದನ್ನ ಇವತ್ತಿಗೂ ಆಡ್ಕೋತೀವಿ."

ಮೂರು ದಿನ ಅಲ್ಲೇ ಉಳಿದೆ. ಅಡುಗೆಮನೆಯಿಂದ ಅಡುಗೆಮನೆಗೆ ಹೋದೆ. ಫಾರಮ್ಮಿನ ಮುಂದೆ ಬಾಯಿಬಿಡದ ಊರು ಒಲೆಯ ಮುಂದೆ ಗಳಗಳನೆ ಹೇಳಿತು. ಎರಡು ಸಾವಿರದ ಮುನ್ನೂರ ಹದಿನಾಲ್ಕು ತಟ್ಟೆ. ದಿನಕ್ಕೆ ಎಂಬತ್ತು ಡಾಲರಿನಂತೆ ಒಂದು ಲಕ್ಷ ಎಂಬತ್ತೈದು ಸಾವಿರಕ್ಕೂ ಮೇಲೆ. ನಾನು ಸೊನ್ನೆ ಎಂದು ಬರೆದದ್ದು ಇದನ್ನು.

ಮಾರ್ಚ್ ೨೭, ಗುರುವಾರ

ನಿರ್ದೇಶಕರು ತಿದ್ದುಪಡಿಗೆ ಸಹಿ ಹಾಕಲಿಲ್ಲ. "ತಟ್ಟೆ! ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ನಮ್ಮನ್ನ ನೋಡಿ ನಗ್ತಾರೆ" ಎಂದರು. ಸೊನ್ನೆಯನ್ನು ನೋಡಿ ಯಾರೂ ನಗಲಿಲ್ಲವಲ್ಲ ಸರ್ ಎಂದೆ. ನನ್ನ ಗುತ್ತಿಗೆ ಜೂನ್‌ಗೆ ಮುಗಿಯುತ್ತದೆ ಎಂಬ ಅಮೂಲ್ಯ ಮಾಹಿತಿ ನೀಡಿದರು.

ಮಧ್ಯಾಹ್ನ ನಿಧಿಗೆ ನಾನೇ ಕಳಿಸಿಬಿಟ್ಟೆ.

ಏಪ್ರಿಲ್ ೨, ಬುಧವಾರ

ನಿಧಿಯ ಉತ್ತರ: 'ತಟ್ಟೆಯು ಮಾನ್ಯತೆ ಪಡೆದ ಮಾಪನವಲ್ಲ.'

ನನ್ನ ಉತ್ತರ: 'ಕುದುರೆಯ ಬಲದಲ್ಲಿ ಯಂತ್ರ ಅಳೆಯುವವರು ತಟ್ಟೆಗೆ ಹೆದರಬಾರದು. ಅರವತ್ತೊಂದು ಅಡುಗೆಮನೆಗಳ ಹೇಳಿಕೆ ಲಗತ್ತಿಸಿದ್ದೇನೆ. ಪರಸ್ಪರ ತಾಳೆ ನೋಡಿದ್ದೇನೆ. ವ್ಯತ್ಯಾಸ ನೂರಕ್ಕೆ ಮೂರು. ತಮ್ಮ ಕೋಷ್ಟಕಗಳಲ್ಲಿ ಇಷ್ಟು ಕಡಿಮೆ ವ್ಯತ್ಯಾಸ ಇರುವ ಒಂದನ್ನು ದಯವಿಟ್ಟು ತೋರಿಸಿ.'

ಏಪ್ರಿಲ್ ೧೪, ಸೋಮವಾರ

ಒಪ್ಪಿಕೊಂಡರು! 'ಭೋಜನ-ದೃಢೀಕೃತ ಶ್ರಮದಿನ' ಎಂದು ಹೊಸ ಹೆಸರಿಟ್ಟು ಒಪ್ಪಿಕೊಂಡರು. ಆನ್ಸ್ ಬೆರ್ತೆ ಈಗ ಪಟ್ಟಿಯಲ್ಲಿ ಮೂರನೆಯದು. ಕೆಲವು ಷರತ್ತುಗಳಿವೆಯಂತೆ. ಅವನ್ನು ಓದಿ ಹೇಳಲು ಟೊರ್ಬೆನ್ ಎಂಬ ಅಧಿಕಾರಿ ಮುಂದಿನ ವಾರ ಬರುತ್ತಾನೆ. ಹಿರಿಯರಿಗೆ ನಮ್ಮ ಮನೆಮಾತು ಕ್ರಿಯೋಲ್‌ನಲ್ಲಿ ಹೇಳಲು ನಾನು ಬೇಕಂತೆ.

ಮಾ ಯೂಡೋಕ್ಸಿಗೆ ಫೋನ್ ಮಾಡಿದೆ. "ಊಟ ಆಯ್ತಾ?" ಎಂದಳು. ಆಗಿರಲಿಲ್ಲ.

ಏಪ್ರಿಲ್ ೨೪, ಗುರುವಾರ

ಇಂದಿನದನ್ನು ಇಂದೇ ಬರೆದಿಡಬೇಕು.

ಇಗರ್ಜಿಯ ಸಭಾಂಗಣ ತುಂಬಿತ್ತು. ಟೊರ್ಬೆನ್ ಸಭ್ಯ ಮನುಷ್ಯ. ಬಿಸಿಲಿಗೆ ಕೆಂಪಾಗಿದ್ದ, ಸೊಲಾಂಜ್ ಕೊಟ್ಟ ಕೋಕೋ ಕಷಾಯವನ್ನು ಗೌರವದಿಂದ ಕುಡಿದ. ಎಂಟು ಷರತ್ತುಗಳು ಸಲೀಸಾಗಿ ಮುಗಿದವು. ಒಂಬತ್ತನೆಯದು: 'ಗುಂಡಿ ತೋಡುವುದು, ಕಂಬ ನಿಲ್ಲಿಸುವುದು, ಸಾಮಾನು ಹೊರುವುದು, ಇವು ಸಮುದಾಯದ ಶ್ರಮದಾನ. ನಲವತ್ತಮೂರು ಜನ, ಆರು ವಾರ. ಈ ಊರಿನಲ್ಲಿ ಕೂಲಿಯಿಲ್ಲದೆ ದುಡಿಯುವ ಸುಂದರ ಸಂಪ್ರದಾಯವಿದೆ ಎಂದು ತಿದ್ದುಪಡಿಯಾದ ವರದಿ ದೃಢಪಡಿಸಿದೆ.'

ನನ್ನ ತಿದ್ದುಪಡಿ! ಮೊದಲು ಸೊನ್ನೆ ಎಂದು ಪಟ್ಟಿಯಿಂದ ತೆಗೆದರು. ಸೊನ್ನೆಯಲ್ಲ ಎಂದು ತೋರಿಸಿಕೊಟ್ಟ ಮೇಲೆ, ಹಾಗಿದ್ದರೆ ಅಷ್ಟನ್ನೂ ನಮಗೇ ಪುಕ್ಕಟೆ ಕೊಡಿ ಎನ್ನುತ್ತಿದ್ದಾರೆ. ಅದನ್ನೂ ಕ್ರಿಯೋಲ್‌ಗೆ ತಿರುಗಿಸಿದೆ.

ಇಪೊಲೀತ್ ತಾತ ಟೋಪಿ ಮೊಣಕಾಲ ಮೇಲಿಟ್ಟುಕೊಂಡು ಕೇಳಿದರು:

"ಮುಯ್ಯಾಳು ಕರೆಯೋದು ಮನೆಯವರು. ಇದು ಯಾರ ಮನೆ?"

ಟೊರ್ಬೆನ್ ಕಾಗದ ತಿರುವಿದ. "ಸೌರ ಕೇಂದ್ರವು ವಿದ್ಯುತ್ ಕಂಪನಿಯ ಸ್ವತ್ತು."

"ಕಂಪನಿ ನಮಗೆ ಬಿಲ್ಲು ಕಳಿಸ್ತದಾ?"

"ತಿಂಗಳಿಗೊಮ್ಮೆ."

"ಮುಂದಿನ ಗಾಳೀಲಿ ನನ್ನ ತಗಡು ಹಾರಿದ್ರೆ ಕಂಪನಿಯೋರು ಏಣಿ ತಗೊಂಡು ಬರ್ತಾರಾ?"

ಟೊರ್ಬೆನ್ ನನ್ನ ಮುಖ ನೋಡಿದ. ನಾನು ಸಹಾಯ ಮಾಡಲಿಲ್ಲ.

"ಹಂಗಾದ್ರೆ ಇದು ಮುಯ್ಯಾಳಲ್ಲ ಸ್ವಾಮಿ, ಬಿಟ್ಟಿ ಚಾಕರಿ. ಬಿಟ್ಟಿ ಮಾಡಿಸ್ಕೊಂಡ ದೊರೆಗಳನ್ನ ನನ್ನಜ್ಜನ ಅಜ್ಜ ನೋಡಿದ್ದ. ಅವನ ಬೆನ್ನು ಅವರ ಚಾಟೀನೂ ನೋಡಿತ್ತು. ನಾವು ಆ ಕೆಲ್ಸ ಬಿಟ್ಟು ಬಹಳ ಕಾಲ ಆಯ್ತು."

ದುಭಾಷಿಗಳು ಇಂಥ ಮಾತನ್ನು ಮೃದುಮಾಡಿ ಹೇಳುವುದು ವಾಡಿಕೆ. ನಾನು ಒಂದಕ್ಷರ ಬಿಡದೆ ಹೇಳಿದೆ, ಬೆನ್ನನ್ನೂ ಸೇರಿಸಿ. ಟೊರ್ಬೆನ್‌ನ ಕಿವಿ ಇನ್ನಷ್ಟು ಕೆಂಪಾಯಿತು.

"ಷರತ್ತು ಒಪ್ಪದಿದ್ದರೆ ಊರು ಪಟ್ಟಿಯಿಂದ ಹೋಗುತ್ತೆ. ಇದು ನನ್ನ ಕೈಲಿಲ್ಲ" ಎಂದ.

ನರ್ಸಮ್ಮ ಎದ್ದು ನಿಂತಳು. ಅವಳಿಗೆ ಫ್ರಿಜ್ಜು ಎಲ್ಲರಿಗಿಂತ ಹೆಚ್ಚು ಬೇಕು. ಅವಳು ಒಪ್ಪಿ ಎಂದರೆ ಊರು ಒಪ್ಪುತ್ತಿತ್ತು. "ಐಸಿನ ಬಸ್ಸು ಇನ್ನೂ ಓಡ್ತಾ ಇದೆ. ತಾತ ಹೇಳಿದ್ದೇ ಸರಿ" ಎಂದು ಕೂತಳು.

ನಾನು ಟೊರ್ಬೆನ್‌ನ ಮುಂದಿದ್ದ ಕಾಗದ ಎಳೆದುಕೊಂಡು 'ಶ್ರಮದಾನ'ಕ್ಕೆ ಅಡ್ಡಗೆರೆ ಎಳೆದೆ, ಮೇಲೆ 'ದಿನಗೂಲಿ, ಎಂಬತ್ತು ಡಾಲರ್' ಎಂದು ಬರೆದೆ.

"ನಿಮಗೆ ಅಧಿಕಾರ ಇಲ್ಲ" ಎಂದ.

"ಇಲ್ಲ. ಕೆಳಗೆ ನನ್ನ ಹೆಸರು ಹಾಕಿದ್ದೇನೆ, ಯಾರನ್ನ ಬೈಯಬೇಕು ಅಂತ ಅವರಿಗೆ ಗೊತ್ತಾಗಲಿ."

ಒಂದೊಂದಾಗಿ ಊರಿನವರು ಅದರ ಕೆಳಗೆ ಸಹಿ ಹಾಕಿದರು. ಮಾರ್ಚಿನಲ್ಲಿ ಒಂದು ಸಹಿಗಾಗಿ ನಾನು ಇಪ್ಪತ್ತೆರಡು ಮನೆ ಅಲೆದಿದ್ದೆ.

ಮೇ ೧, ಗುರುವಾರ

ಉತ್ತರವಿಲ್ಲ.

ಮೇ ೬, ಮಂಗಳವಾರ

ಉತ್ತರವಿಲ್ಲ. ಎರಡು ಸಲ ಐಸಿನ ಬಸ್ಸು ಕೆಟ್ಟಿತಂತೆ. ಸಕ್ಕರೆ ಕಾಯಿಲೆಯ ಲೂಸಿಯೆನ್‌ನ ಇಂಜೆಕ್ಷನ್ನು ಹಾಳಾಗಿ ಅವನನ್ನು ರಾಜಧಾನಿ ರೊಸೋದ ಆಸ್ಪತ್ರೆಗೆ ತಂದರು. ನೋಡಿ ಬಂದೆ. "ಗೆರೆ ಎಳೆದಿದ್ದು ಸರಿಯಾಗೇ ಎಳೆದೆ ತಾನೆ?" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಮೇ ೧೫, ಗುರುವಾರ

ಬಂತು! ಒಂದೇ ಸಾಲು: 'ಒಂಬತ್ತನೇ ಷರತ್ತಿನ ಬದಲಾವಣೆಯನ್ನು ಗಮನಿಸಲಾಗಿದೆ, ಕೂಲಿಯನ್ನು ಯೋಜನೆಯ ಖರ್ಚಿಗೆ ಸೇರಿಸತಕ್ಕದ್ದು.' ಗಮನಿಸಲಾಗಿದೆಯಂತೆ! ತಪ್ಪಾಯಿತು ಎಂದು ಬರೆಯಲು ಇವರ ಯಂತ್ರದಲ್ಲಿ ಅಕ್ಷರಗಳಿಲ್ಲ. ಲೂಸಿಯೆನ್ ಮನೆಗೆ ಮರಳಿದ್ದಾನೆ. ಕಂಬಗಳು ಮಂಗಳವಾರದ ಹಡಗಿನಲ್ಲಿ ಬರುತ್ತವೆ. ಇಪ್ಪತ್ತಾರೋ ಇಪ್ಪತ್ತೆಂಟೋ, ಬಂದರಿಗೆ ಹೋಗಿ ಎಣಿಸಬೇಕು. ವರದಿಯ ಹೊಸ ಮುದ್ರಣದಲ್ಲಿ ನನ್ನ ಹೆಸರು ತೆಗೆದಿದ್ದಾರೆಂದು ಟೈಪಿಸ್ಟ್ ಹೇಳಿದಳು. ಇಪೊಲೀತ್ ತಾತನ ಸೊಂಟಕ್ಕೆ ಎಣ್ಣೆ ಕೊಳ್ಳಬೇಕು, ಮರೆಯಬಾರದು.

ಮೇ ೨೬, ಸೋಮವಾರ

ಕೆಲಸ ಶುರುವಾಯಿತು. ಕೂಲಿ ಪಟ್ಟಿ ಬರೆಯುವ ಹೊಣೆಯನ್ನು ಊರು ನನಗೇ ವಹಿಸಿತ್ತು. ಎರಡು ದಿನ ಕೂತು ಗೆರೆ ಎಳೆದು, ನಲವತ್ತಮೂರು ಹೆಸರು ಬರೆದು, ಒಬ್ಬರೂ ತಪ್ಪಿಹೋಗದಂತೆ ನೋಡಿಕೊಂಡೆ. ಹೊಲವೊಂದರ ಅಂಚಿನಲ್ಲಿ ಮೇಜು ಹಾಕಿಕೊಂಡು ಎಲ್ಲರ ಸಹಿ ಪಡೆದೆ. ಇನ್ನು ಈ ದ್ವೀಪದಲ್ಲಿ ಯಾರ ದುಡಿಮೆಯೂ ಲೆಕ್ಕದಿಂದ ಜಾರುವಂತಿಲ್ಲ ಎಂದು ಫಿಟ್ಜ್‌ರಾಯ್‌ಗೆ ಸಣ್ಣದೊಂದು ಭಾಷಣವನ್ನೂ ಕೊಟ್ಟೆ. ಅವನು ಗುಂಡಿಯೊಳಗಿದ್ದ, ಓಡಿಹೋಗುವಂತಿರಲಿಲ್ಲ.

ಹನ್ನೆರಡಕ್ಕೆ ಹೊಗೆಯ ವಾಸನೆ ಬಂತು. ಮರದ ಕೆಳಗೆ ಮೂರು ದೊಡ್ಡ ಹಂಡೆಗಳು. ಮಾ ಯೂಡೋಕ್ಸಿ, ಸೊಲಾಂಜ್, ಲೂಸಿಯೆನ್‌ನ ಹೆಂಡತಿ, ಒಟ್ಟು ಹನ್ನೊಂದು ಹೆಂಗಸರು ಬೆವರಿಳಿಸುತ್ತ ನಿಂತಿದ್ದರು.

"ಇದೇನು ಮಾ, ನಿಧಿಯವರು ಕೂಲಿ ಕೊಡ್ತಿದ್ದಾರಲ್ಲ?"

"ಕೂಲಿ ಶನಿವಾರ ಬರ್ತದೆ, ಹೊಟ್ಟೆ ಮಧ್ಯಾಹ್ನನೇ ಬರ್ತದೆ. ಎಲ್ಲಿ, ಆ ನಿನ್ನ ಪಟ್ಟಿ ತೋರ್ಸು."

ಸೌಟು ಹಿಡಿದೇ ಪಟ್ಟಿಯ ಮೇಲೆ ಬಗ್ಗಿದಳು. ಮೊದಲಿನಿಂದ ಕೊನೆಯವರೆಗೆ ಬೆರಳಾಡಿಸಿದಳು. ಹಾಳೆ ತಿರುವಿ ಹಿಂದೆಯೂ ನೋಡಿದಳು.

"ಚೆನ್ನಾಗಿದೆ. ಅಕ್ಷರ ಮುತ್ತಿನಂಗಿದೆ. ಎರಡು ಸಾವಿರ ಚಿಲ್ಲರೆ ತಟ್ಟೆ ಎಣಿಸಿ ಆಳು ಲೆಕ್ಕ ಮಾಡ್ದೆ ಅಲ್ವಾ ಅವತ್ತು?"

"ಹೌದು ಮಾ."

"ಆ ತಟ್ಟೆಗೆ ಅನ್ನ ಮೋಡದಿಂದ ಬಿತ್ತೇನೇ?"

ಹನ್ನೊಂದು ಹೆಂಗಸರು ನಕ್ಕ ಸದ್ದಿಗೆ ಗುಂಡಿಗಳಿಂದ ನಲವತ್ತಮೂರು ತಲೆಗಳು ಮೇಲೆದ್ದವು.

ಊಟ ಮಾಡಿ, ತಟ್ಟೆ ತೊಳೆದಿಟ್ಟು, ಹೊಸ ಹಾಳೆಗೆ ಗೆರೆ ಎಳೆದಿದ್ದೇನೆ. ಮೊದಲ ಹನ್ನೊಂದು ಸಾಲು ಅವರವು. ನಿಧಿಗೆ ಎರಡನೇ ತಿದ್ದುಪಡಿ ಬರೆಯುತ್ತ ಕೂತಿದ್ದೇನೆ. ಪತ್ರವನ್ನು ಎಂದಿನಂತೆ ಖಾರವಾಗಿಯೇ ಶುರುಮಾಡಿದೆ: 'ಇಂಥ ಅಕ್ಷಮ್ಯ ಪ್ರಮಾದವೆಸಗಿದ ಅಧಿಕಾರಿ ಯಾರು ಎಂಬುದನ್ನು ಕೂಡಲೇ...' ಅಲ್ಲಿಗೆ ನಿಂತಿದೆ. ಆ ಹೆಸರು ನನಗೆ ಗೊತ್ತಿದೆ, ಪಟ್ಟಿಯ ಮುತ್ತಿನಂಥ ಅಕ್ಷರವೂ ಅವಳದೇ, ಬರೆಯಲು ಕೈ ಬರುತ್ತಿಲ್ಲ. ಬರೆಯುತ್ತೇನೆ.